ಕಂಬದ ತುದಿಯ ಚುಕ್ಕೆ

ಗುರುವಾರ ಸಂಜೆ ನಡೆಯದೇ ಹೋದ ಕಾರ್ಯಕ್ರಮವೊಂದು ಶುಕ್ರವಾರ ಬೆಳಿಗ್ಗೆಯ ಪತ್ರಿಕೆಯಲ್ಲಿ ನಡೆದುಹೋಗಿತ್ತು. ಬರೆದವನು ನಾನು.

ನಾನು ಸಕಲೇಶಪುರದಲ್ಲಿ ಒಂದು ದಿನಪತ್ರಿಕೆಯ ತಾಲ್ಲೂಕು ವರದಿಗಾರ. ಆ ವರ್ಷ ನಮ್ಮ ವಿದ್ಯಾರ್ಥಿ ಪುಟದವರು ತಾಲ್ಲೂಕಿಗೊಂದು ಸರ್ಕಾರಿ ಪ್ರೌಢಶಾಲೆ ಆರಿಸಿ, ಅಲ್ಲಿಯ ಮಕ್ಕಳಿಗೆ ಸೌರಮಂಡಲ ಪರಿಚಯಿಸುವ ಕೆಲಸವನ್ನು ವರದಿಗಾರರಿಗೇ ಒಪ್ಪಿಸಿದ್ದರು. ನಾನು ಬಿ.ಎಸ್ಸಿ. ಓದಿದವನು ಎಂಬುದು ಅವರ ಕಡತದಲ್ಲಿತ್ತು. ಹಾನುಬಾಳಿನಿಂದ ಆಚೆಗಿರುವ ಒಂದು ಶಾಲೆ ನನ್ನ ಪಾಲಿಗೆ ಬಂತು. ಒಂಬತ್ತನೇ ತರಗತಿ, ನಲವತ್ತೊಂದು ಮಕ್ಕಳು. ಅರ್ಧದಷ್ಟು ಮಕ್ಕಳು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಬರುವವರು, ಉಳಿದವರು ಒಂದೆರಡು ಎಕರೆ ಗದ್ದೆ, ತೋಟ ಇರುವವರ ಮನೆಯವರು.

ಮೊದಲ ಮೂರು ವಾರ ಕೆಲಸ ಸುಸೂತ್ರವಾಗಿ ನಡೆಯಿತು. ಮಕ್ಕಳಿಗೆ ಹೆಸರುಗಳು ಬರುತ್ತಿದ್ದವು, ಅಳತೆ ಬರುತ್ತಿರಲಿಲ್ಲ. ಪುಸ್ತಕದ ಚಿತ್ರದಲ್ಲಿ ಸೂರ್ಯನೂ ಸೇರಿ ಒಂಬತ್ತು ಗೋಲಿಗಳನ್ನು ಒಂದರ ಪಕ್ಕ ಒಂದು ಪೋಣಿಸಿದಂತೆ ಇರುತ್ತದಲ್ಲ, ಅದೇ ಅವರ ಆಕಾಶ. ಕಾಫಿ ಕುಯ್ಯುವ ಬುಟ್ಟಿಯೊಂದನ್ನು ತರಿಸಿ, ಅದರ ಒಂದೂವರೆ ಅಡಿ ಬಾಯಿಯನ್ನು ಸೂರ್ಯ ಎಂದೆ. ಆ ಲೆಕ್ಕಕ್ಕೆ ಭೂಮಿ ಒಂದು ಕಾಳುಮೆಣಸು, ಶುಕ್ರ ಇನ್ನೊಂದು. ಮಂಗಳ ಸಾಸಿವೆ. ಗುರುವಿಗೆ ಒಂದು ನಿಂಬೆಹಣ್ಣು, ಶನಿಗೆ ಅದಕ್ಕಿಂತ ಸ್ವಲ್ಪ ಚಿಕ್ಕದು. ಬುಟ್ಟಿಯನ್ನು ಜಗಲಿಯ ಮೇಲಿಟ್ಟು ನಡೆದರೆ ಭೂಮಿಗೆ ಸುಮಾರು ಅರವತ್ತು ಹೆಜ್ಜೆ. ಶನಿಯನ್ನು ಹಿಡಿದವರು ಗೇಟು ದಾಟಿ ಬಸ್ ನಿಲ್ಲುವ ತಿರುವಿನವರೆಗೆ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಹೋಗಬೇಕಾಯಿತು.

ಶನಿಯನ್ನು ಹಿಡಿದದ್ದು ಲೈನ್ ಮನೆಯ ಒಬ್ಬ ಹುಡುಗಿ. ಮುಂದಿನ ಬೆಂಚು, ಕೇಳದೆ ಮಾತಾಡುವ ಅಭ್ಯಾಸ. ನಿಂಬೆಹಣ್ಣಿಗೆ ಉಂಗುರ ಇಲ್ಲ ಎಂದು ತನ್ನ ಪ್ಲಾಸ್ಟಿಕ್ ಬಳೆಯನ್ನೇ ಕಳಚಿ ಅದಕ್ಕೆ ತೊಡಿಸಿದಳು. ತಿರುವಿನಿಂದ ವಾಪಸ್ ಬಂದವಳು ಏದುಸಿರು ಬಿಡುತ್ತ ಕೇಳಿದಳು:

"ಅಷ್ಟು ದೂರ ಐತಲ್ಲ ಸಾರ್ ಶನಿ, ಅದು ನಮ್ಮ ಲೈನ್ ಹುಡುಕ್ಕೊಂಡು ಬಂದು ಹೆಗಲ ಮೇಲೆ ಹೆಂಗ್ ಕೂರ್ತೈತೆ? ನಮ್ಮಜ್ಜಿ ವಾರಾವಾರ ಎಳ್ಳೆಣ್ಣೆ ಸುಡ್ತೈತೆ."

ತರಗತಿ ನಕ್ಕಿತು. "ಗುರುವಾರ ದುರ್ಬೀನಿನಲ್ಲಿ ನೋಡುವೆಯಲ್ಲ, ನೀನೇ ಕೇಳು" ಎಂದೆ.

ದುರ್ಬೀನು ಪಟ್ಟಣದ ಒಬ್ಬ ಕಾಫಿ ವ್ಯಾಪಾರಿಯದು. ಅರವತ್ತು ದಾಟಿದ ಸಾಹೇಬರು. ಅವರ ಮಂಡಿಯಲ್ಲಿ ಕಾಫಿ ಚೀಲಗಳ ಹಿಂದೆ ಮೂರು ಕಾಲಿನ ಮೇಲೆ ಅದು ನಿಂತಿರುತ್ತದೆ. ರಂಜಾನಿಗೆ ಮುಂಚಿನ ಸಂಜೆ ಎಳೆ ಚಂದ್ರನನ್ನು ಹುಡುಕಲು ಅವರ ತಂದೆಯ ಕಾಲದಿಂದಲೂ ಜನ ಅವರ ಮಹಡಿಗೆ ಬರುತ್ತಾರೆ. ಗುರುವಾರ ಅವರೇ ಜೀಪಿನಲ್ಲಿ ದುರ್ಬೀನು ತರುತ್ತೇನೆಂದು ಒಪ್ಪಿದರು.

ತಪ್ಪು ಆಗಿದ್ದು ಹೀಗೆ. ನಮ್ಮ ಜಿಲ್ಲಾ ಪುಟಕ್ಕೆ ತಾಲ್ಲೂಕಿನ ಸುದ್ದಿ ಸಂಜೆ ಐದರೊಳಗೆ ಹೋಗಬೇಕು. ಶನಿ ಕಾಣುವುದು ಆರೂವರೆಗೆ. ಸಂಜೆಯ ಸಭೆ, ಸನ್ಮಾನಗಳಿಗೆ ತಾಲ್ಲೂಕು ವರದಿಗಾರರು ಮಾಡುವ ಒಂದು ಉಪಾಯವಿದೆ. ಆಹ್ವಾನ ಪತ್ರಿಕೆ ನೋಡಿ, ಭಾಷಣ ಮಾಡುವವರನ್ನು ಮಧ್ಯಾಹ್ನವೇ ಕೇಳಿ, ನಡೆಯಿತು ಎಂದು ಬರೆದು ಕಳಿಸಿಬಿಡುವುದು. ಇಪ್ಪತ್ತು ವರ್ಷದಲ್ಲಿ ಅದು ನನಗೆ ಕೈ ಕೊಟ್ಟಿರಲಿಲ್ಲ. ಗುರುವಾರ ಮೂರು ಗಂಟೆಗೆ ಆ ಹುಡುಗಿಯನ್ನು ಕರೆದು, "ಶನಿಯ ಬಳೆ ಕಂಡ ಮೇಲೆ ಏನು ಹೇಳುತ್ತೀ?" ಎಂದು ಕೇಳಿದೆ. ಅವಳು ಯೋಚಿಸಿ, "ನನ್ನ ಬಳೆ ತರದ್ದೇ ಅದಕ್ಕೂ ಐತೆ, ಕಣ್ಣಾರೆ ಕಂಡೆ ಅಂತೀನಿ" ಎಂದಳು. ನಾನು ಅದನ್ನು ಗ್ರಾಂಥಿಕಕ್ಕೆ ತಿರುಗಿಸಿ, ಅವಳ ಹೆಸರು ಹಾಕಿ, ನಲವತ್ತೊಂದು ಮಕ್ಕಳು ಶನಿಯ ಉಂಗುರ ಕಂಡು ಬೆರಗಾದರು ಎಂದು ಸೇರಿಸಿ ಕಳಿಸಿದೆ. ಶಾಲೆಯ ಹತ್ತಿರ ಮೊಬೈಲಿಗೆ ಸಿಗ್ನಲ್ ಇರುವುದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಮಾತ್ರ. ಅಲ್ಲಿ ಹತ್ತಿ ಕಳಿಸಿದೆ.

ಐದೂಮುಕ್ಕಾಲಿಗೆ ದುರ್ಬೀನು ಅಂಗಳದಲ್ಲಿ ನಿಂತಿತ್ತು. ಮಕ್ಕಳು ಸಾಲಾಗಿದ್ದರು. ಆಗ ಕೆಳಗಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಬೈಕಿನಲ್ಲಿ ಬಂದು, ಇಳಿಯುವ ಮೊದಲೇ ಕೂಗಿದ:

"ಮೇಡಮ್ಮೋರೇ, ಕಳ್ಸಿಬುಡಿ ಮಕ್ಕಳನ್ನ. ಆನೆ ಕೆರೆ ದಾಟೈತೆ. ಏಳೋ ಎಂಟೋ. ಮರಿ ಬೇರೆ ಐತೆ."

ಮುಖ್ಯ ಶಿಕ್ಷಕಿ ಆಗಿಂದಾಗಲೇ ಸಾಲು ಬಿಡಿಸಿದರು. ಸಾಹೇಬರ ಜೀಪು, ಎಸ್ಟೇಟಿನದು ಇನ್ನೊಂದು, ಎರಡೂ ಸೇರಿ ನಾಲ್ಕು ಸುತ್ತು ಹೊಡೆದು ಮಕ್ಕಳನ್ನು ಮನೆ ಬಾಗಿಲಿಗೆ ಬಿಟ್ಟೆವು. ಶನಿಯನ್ನು ಯಾರೂ ತಲೆ ಎತ್ತಿ ನೋಡಲಿಲ್ಲ. ನನ್ನ ವರದಿ ನನಗೆ ನೆನಪಾಗಿದ್ದು ಸಕಲೇಶಪುರಕ್ಕೆ ವಾಪಸ್ ಬರುತ್ತ ದಾರಿಯಲ್ಲಿ, ಆನೇಮಹಲಿನ ಬಳಿ. ಫೋನ್ ಮಾಡಿದೆ. ಪುಟ ಅಚ್ಚಿಗೆ ಹೋಗಿತ್ತು.

ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯಾದ ಮೇಲೆ ಒಬ್ಬ ವಿದ್ಯಾರ್ಥಿ ಪತ್ರಿಕೆ ಓದುವ ರೂಢಿ ಇದೆ. ಶುಕ್ರವಾರ ನಾನು ತಲುಪುವಷ್ಟರಲ್ಲಿ ಓದು ಮುಗಿದಿತ್ತು. ಓದಿದ ಹುಡುಗ ನಮ್ಮ ವರದಿಯನ್ನು ಗಟ್ಟಿಯಾಗಿ, ಹೆಸರು ಸಮೇತ ಓದಿದ್ದ. ಯಾರೂ ಏನೂ ಕಂಡಿಲ್ಲವೆಂಬುದು ಎಲ್ಲರಿಗೂ ಗೊತ್ತು. ನನ್ನ ಮೇಲೆ ಯಾರಿಗೂ ಸಿಟ್ಟು ಬರಲಿಲ್ಲ. ಪತ್ರಿಕೆಯವರ ಕೆಲಸ ಹಾಗೇ ಎಂದುಕೊಂಡರೇನೋ. ಸಿಕ್ಕಿಬಿದ್ದವಳು ಅವಳು.

"ಕಣ್ಣಾರೆ ಕಂಡೋಳು ಬಂದ್ಲು ಕಣ್ರೋ, ಜಾಗ ಬಿಡಿ!" ಎಂದು ಹಿಂದಿನ ಬೆಂಚಿನವನೊಬ್ಬ ಕೂಗಿದ. "ಆನೆ ಬೆನ್ನ ಮೇಲೆ ಕೂತ್ಕೊಂಡು ನೋಡುದ್ಲಾ ಕೇಳೋ" ಎಂದ ಇನ್ನೊಬ್ಬ.

ಅವಳು ಹಿಂದಿನ ಗೋಡೆಯ ಪಕ್ಕ ಹೋಗಿ ಕುಳಿತಿದ್ದಳು. ಬಿಡುವಿನಲ್ಲಿ ನಾನೇ ಹೋಗಿ ತಪ್ಪಾಯಿತೆಂದು ಹೇಳಿದೆ. ಅವಳು ನೆಲ ನೋಡಿಕೊಂಡು ಹೇಳಿದಳು:

"ಇವರು ಬಿಡಿ ಸಾರ್, ನಾಳೆ ಮರೀತಾರೆ. ಬೆಳಿಗ್ಗೆ ರೈಟರಣ್ಣ ಪೇಪರ್ ತಂದು ಅಜ್ಜಿಗೆ ಓದಿ ಹೇಳ್ತು. ಅಜ್ಜಿ ಅದನ್ನ ಮಡಚಿ ಪೆಟ್ಟಿಗೆಗೆ ಇಟ್ಕೊಂಡೈತೆ. ಲೈನಿಗೆಲ್ಲ ಹೇಳ್ಕೊಂಡು ಬಂದೈತೆ, ನನ್ನ ಮೊಮ್ಮಗಳ ಮಾತು ಪೇಪರಲ್ಲಿ ಬಂತು ಅಂತ. ಆನೆ ಬರೋಕ್ ಮುಂಚೆ ನೋಡಿರ್ಬೇಕು ಅನ್ಕೊಂಡೈತೆ, ನಾನ್ ಸುಳ್ಳು ಹೇಳೋಳಲ್ಲ ಅಂತ ಅಜ್ಜಿ ನಂಬೈತೆ. ಈಗ ನಾನೇನ್ ಹೇಳ್ಲಿ?"

ಮುಖ್ಯ ಶಿಕ್ಷಕಿ ತಮ್ಮ ಕೋಣೆಗೆ ಕರೆದು ಚಹಾ ತರಿಸಿದರು. ಶಿಕ್ಷಣ ಇಲಾಖೆಯ ಕಚೇರಿಯಿಂದ ಆಗಲೇ ಅಭಿನಂದನೆಯ ಫೋನ್ ಬಂದಿತ್ತು. "ಯಾಕೆ ತಲೆ ಕೆಡಿಸ್ಕೊಳ್ತೀರಿ ಸಾರ್? ಮುಂದಿನ ವಾರ ಶನಿ ತೋರ್ಸಿಬಿಡಿ. ಆಗ ನೀವು ಬರೆದದ್ದು ನಿಜಾನೇ ಆಗುತ್ತಲ್ಲ. ಒಂದು ವಾರ ಮುಂಚೆ ಬರೆದಿದ್ದೀರಿ ಅಷ್ಟೆ" ಎಂದರು.

ಮಾತು ಆಕರ್ಷಕವಾಗಿತ್ತು. ನಾನು ಟ್ಯಾಂಕಿನ ಮೆಟ್ಟಿಲು ಹತ್ತಿ ಅರಣ್ಯ ಸಿಬ್ಬಂದಿಯೊಬ್ಬರಿಗೆ ಫೋನ್ ಮಾಡಿದೆ. ಆನೆ ಹಿಂಡು ಎಲ್ಲಿಗೂ ಹೋಗುವ ಲಕ್ಷಣವಿಲ್ಲ, ಗದ್ದೆಯಲ್ಲಿ ಭತ್ತ ಇರುವವರೆಗೆ ಇಲ್ಲೇ ಓಡಾಡಿಕೊಂಡಿರುತ್ತದೆ, ಸಂಜೆ ಐದರ ಮೇಲೆ ಮತ್ತು ಬೆಳಿಗ್ಗೆ ಏಳರೊಳಗೆ ಮಕ್ಕಳನ್ನು ಸೇರಿಸುವ ಯೋಚನೆ ಬಿಡಿ ಎಂದರು. ಅಷ್ಟು ಹೊತ್ತಿಗೆ ನಾನು ತೀರ್ಮಾನಕ್ಕೆ ಬಂದಿದ್ದೆ. ಶನಿ ಮುಂದಿನ ವಾರ ಕಂಡರೂ ಶುಕ್ರವಾರದ ಪತ್ರಿಕೆ ಸುಳ್ಳೇ. ಅಲ್ಲೇ ನಿಂತು ಡೆಸ್ಕಿಗೆ ಫೋನ್ ಮಾಡಿ, ತಿದ್ದುಪಡಿ ಬೇಕು ಎಂದೆ.

"ಯಾರಾದ್ರೂ ದೂರು ಕೊಟ್ಟಿದ್ದಾರೇನ್ರೀ?" ಎಂದರು ಸುದ್ದಿ ಸಂಪಾದಕರು.

"ಇಲ್ಲ."

"ಮತ್ತೆ? ಶಾಲೆಯ ಸುದ್ದಿ. ಯಾರಿಗೆ ಏನು ನಷ್ಟ ಆಯ್ತು?"

"ನಲವತ್ತೊಂದು ಮಕ್ಕಳು ಪ್ರಾರ್ಥನೆಯಲ್ಲಿ ನಿಂತು ಕೇಳಿದ್ದಾರೆ. ನಾವು ಬರೆದದ್ದು ಸುಳ್ಳು ಅಂತ ಅಷ್ಟೂ ಮಂದಿಗೆ ಗೊತ್ತು. ನಾಳೆಯಿಂದ ಏನು ಓದಿದರೂ ಅವರು ಹೀಗೇ ಕೇಳುತ್ತಾರೆ."

ಅವರು ಪುಟ ತಿರುವಿದ ಸದ್ದು ಕೇಳಿಸಿತು. ಆಮೇಲೆ, "ಎಷ್ಟು ಸಾಲು?" ಎಂದರು. ಐದು ಎಂದೆ.

ಶನಿವಾರ ಐದು ಸಾಲು ಬಂತು. ಕಾರ್ಯಕ್ರಮ ನಡೆಯಲಿಲ್ಲ, ವರದಿಯನ್ನು ಮುಂಚಿತವಾಗಿ ಬರೆಯಲಾಗಿತ್ತು, ವಿದ್ಯಾರ್ಥಿನಿಯ ಮಾತನ್ನು ವರದಿಗಾರ ಮೊದಲೇ ಕೇಳಿ ಬರೆದುಕೊಂಡಿದ್ದ, ತಪ್ಪು ವರದಿಗಾರನದು, ವಿದ್ಯಾರ್ಥಿನಿಯದಲ್ಲ. ಪ್ರಾರ್ಥನೆಯಲ್ಲಿ ಅದನ್ನು ನಾನೇ ಓದಿದೆ. ಅವಳ ಹೆಸರನ್ನು ಅಚ್ಚಿನಲ್ಲಿ ಒಮ್ಮೆ ತಪ್ಪಾಗಿ ಬಳಸಿದ್ದೇನೆ. ಅದಕ್ಕೇ ಇಲ್ಲೂ ಹಾಕಿಲ್ಲ.

ತಿದ್ದುಪಡಿಯಿಂದ ಕೀಟಲೆ ನಿಂತಿತು. ಅವಳು ಮಾತ್ರ ಗೋಡೆಯ ಪಕ್ಕದಿಂದ ಎದ್ದು ಬರಲಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿ ಶುಕ್ರವಾರದ ಪತ್ರಿಕೆ ಇನ್ನೂ ಇತ್ತು. ಅದು ಸುಳ್ಳೆಂದು ಅಜ್ಜಿಗೆ ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ.

ಮಧ್ಯಾಹ್ನ ಸಾಹೇಬರ ಮಂಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಮಕ್ಕಳು ಶಾಲೆಯಲ್ಲಿರುವ ಹೊತ್ತಿಗೆ, ಅಂದರೆ ಹಗಲಲ್ಲಿ, ತೋರಿಸಬಹುದಾದ ಗ್ರಹ ಒಂದೇ, ಶುಕ್ರ. ಆ ದಿನಗಳಲ್ಲಿ ಅದು ಸೂರ್ಯನಿಗಿಂತ ಮೂರು ಗಂಟೆ ಮುಂಚೆ ಹುಟ್ಟಿ ಬೆಳಗಿನ ಜಾವ ಜೋರಾಗಿ ಹೊಳೆಯುತ್ತಿತ್ತು. ಸೂರ್ಯ ಬಂದ ಮೇಲೂ ಅದು ಅಲ್ಲೇ ಇರುತ್ತದೆ, ಎಲ್ಲಿ ನೋಡಬೇಕೆಂದು ತಿಳಿದರೆ ಬರಿಗಣ್ಣಿಗೆ ಸಿಗುತ್ತದೆ ಎಂದು ನಾನು ಓದಿದ್ದೆ. ನೋಡಿರಲಿಲ್ಲ.

ಸಾಹೇಬರು ಕಾಫಿ ಬೀಜವನ್ನು ಅಂಗೈಯಲ್ಲಿ ಹೊರಳಿಸುತ್ತ ಕೇಳಿಸಿಕೊಂಡರು. "ಸಿಗುತ್ತೆ. ಚಾಂದ್ ಹುಡುಕಿದ ಹಾಗೇ ಹುಡುಕ್ಬೇಕು. ಖಾಲಿ ಆಕಾಶ ನೋಡಿದ್ರೆ ಕಣ್ಣು ನಿಲ್ಲಲ್ಲ ಮಾರಾಯ್ರೇ, ಹತ್ತಿರಾನೇ ಎಲ್ಲೋ ತೇಲ್ತಾ ಇರುತ್ತೆ. ಮೊದಲು ದೂರದ ಗುಡ್ಡ ನೋಡ್ಬೇಕು, ಹಂಗೇ ಕಣ್ಣನ್ನ ಎತ್ಕೊಂಡು ಹೋಗ್ಬೇಕು. ಸೂರ್ಯನ್ನ ಗೋಡೆ ಹಿಂದೆ ಹಾಕ್ಬೇಕು. ಆಮೇಲೆ ಒಂದು ಗುರುತು ಬೇಕು, ಅಲ್ಲಾಡದ್ದು."

"ಶಾಲೆಯಲ್ಲಿ ಬಾವುಟದ ಕಂಬ ಇದೆ."

"ಹಾಂ. ಅದೇ ಸಾಕು. ಆದ್ರೆ ಇನ್ನೊಂದು ಕೇಳಿ. ಚಾಂದ್ ಕಂಡೆ ಅಂತ ಬಂದೋರನ್ನ ನಮ್ಮ ಅಬ್ಬ ಕಂಡ್ಯಾ ಅಂತ ಕೇಳ್ತಿರ್ಲಿಲ್ಲ. ಕಂಡೆ ಅಂತಾನೇ ಅಂತಾರೆ, ಹಬ್ಬದ ಅವಸರ. ಯಾವ ಮರದ ಮೇಲಿತ್ತು, ಕೊಂಬು ಯಾವ ಕಡೆಗಿತ್ತು ಅಂತ ಒಬ್ಬೊಬ್ಬರನ್ನೇ ಕರೆದು ಕೇಳೋರು. ನಿಮ್ಮ ಪೇಪರ್‌ನೋರು ಕೇಳಿದ್ರಲ್ಲ, ನೋಡೋದಕ್ಕಿಂತ ಮುಂಚೆ!" ಎಂದು ನಕ್ಕರು. ನನಗೂ ನಗು ಬಂತು, ಆದರೆ ಆ ಮಾತನ್ನು ಬರೆದುಕೊಂಡೆ.

ಭಾನುವಾರ ಬೆಳಿಗ್ಗೆ ಆನೆಗಳು ಗುಡ್ಡದ ಆಚೆ ಮಗ್ಗುಲಿಗೆ ಇಳಿದಿವೆ ಎಂದು ಖಚಿತಪಡಿಸಿಕೊಂಡು ಆರು ಗಂಟೆಗೆ ಇಬ್ಬರೂ ಶಾಲೆ ತಲುಪಿದೆವು. ಶುಕ್ರ ಆಗ ಆಗ್ನೇಯದಲ್ಲಿ ಎತ್ತರದಲ್ಲಿ ಎದ್ದು ಕಾಣುತ್ತಿತ್ತು. ಸಾಹೇಬರು ದುರ್ಬೀನಿನಲ್ಲಿ ಅದನ್ನು ಹಿಡಿದು ಕುರ್ಚಿ ಹಾಕಿಕೊಂಡು ಕುಳಿತರು. "ಬಿಟ್ರೆ ಹೋಯ್ತು" ಎನ್ನುತ್ತ ನಾಲ್ಕು ಗಂಟೆ ಅದನ್ನು ಬಿಡಲಿಲ್ಲ. ಸೂರ್ಯ ಬಂದ. ಆಕಾಶ ಬೆಳ್ಳಗಾಗಿ, ಆಮೇಲೆ ನೀಲಿಯಾಯಿತು. ದುರ್ಬೀನಿನ ದಿಕ್ಕು ಹಿಡಿದು ನಾನು ಬರಿಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ಒಂಬತ್ತು ಗಂಟೆಗೂ ಅದು ಅಲ್ಲಿತ್ತು, ಸೂಜಿಯಿಂದ ಚುಚ್ಚಿದ ತೂತಿನಷ್ಟು, ಬಿಳಿ.

ಹತ್ತು ಗಂಟೆ ಎರಡು ನಿಮಿಷಕ್ಕೆ, ತರಗತಿಯ ಕಟ್ಟಡದ ನೆರಳಿನಲ್ಲಿ, ಇಪ್ಪತ್ತಡಿ ಕಬ್ಬಿಣದ ಕಂಬದಿಂದ ಆರಡಿ ದೂರದಲ್ಲಿ ನಿಂತು ನೋಡಿದರೆ ಶುಕ್ರ ಸರಿಯಾಗಿ ಕಂಬದ ತುದಿಯ ಮೇಲೆ ಬರುತ್ತಿತ್ತು. ಅಲ್ಲಿ ಸುಣ್ಣದಿಂದ ಗುರುತು ಹಾಕಿದೆ. ನಾಲ್ಕು ನಿಮಿಷಕ್ಕೆ ಅದು ಬಲಕ್ಕೆ ಸರಿಯುತ್ತಿತ್ತು; ಮತ್ತೆ ತುದಿಗೆ ತರಲು ನಾವು ಪೂರ್ವಕ್ಕೆ ಮೂರೂವರೆ ಇಂಚು ಸರಿಯಬೇಕಿತ್ತು. ಹೀಗೆ ಐದು ಗುರುತು. ಸಾಹೇಬರು ನನಗಿಂತ ಗಿಡ್ಡ, ಅವರ ಕಣ್ಣಿಗೆ ಗುರುತು ಹೊಂದಲಿಲ್ಲ. ಗಿಡ್ಡಗಿರುವವರು ಅರ್ಧ ಅಡಿ ಹಿಂದೆ ನಿಲ್ಲಬೇಕೆಂದು ಇನ್ನೊಂದು ಗೆರೆ ಎಳೆದೆವು. ದಿನದಿಂದ ದಿನಕ್ಕೆ ಅದೇ ಹೊತ್ತಿಗೆ ಜಾಗ ಹೆಚ್ಚು ಬದಲಾಗುವುದಿಲ್ಲ, ಆದ್ದರಿಂದ ಗುರುತು ಒಂದು ವಾರಕ್ಕೆ ಸಾಕು. ಮಕ್ಕಳ ಕೈಗೆ ದುರ್ಬೀನು ಕೊಡುವುದು ಬೇಡ ಎಂದು ಇಬ್ಬರೂ ಒಪ್ಪಿದೆವು. ಹಗಲಲ್ಲಿ ಅದು ಸ್ವಲ್ಪ ತಿರುಗಿ ಸೂರ್ಯನ ಕಡೆ ಹೋದರೆ ಕಣ್ಣು ಹೋಗುತ್ತದೆ.

ಸೋಮವಾರ ಮಂಜು. ಹನ್ನೊಂದಾದರೂ ಕಂಬದ ತುದಿಯೇ ಕಾಣಲಿಲ್ಲ. "ಸಾರ್, ಇವತ್ತೂ ಬರೆದು ಕಳ್ಸಿಬಿಟ್ರಾ?" ಎಂದು ಹಿಂದಿನ ಬೆಂಚಿನವನು ಕೇಳಿದ. ಇಲ್ಲ ಎಂದೆ.

ಮಂಗಳವಾರ ಒಂಬತ್ತೂವರೆಗೆ ಮಂಜು ಹರಿದು ಆಕಾಶ ತೊಳೆದಂತಾಯಿತು. ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳನ್ನು ನೆರಳಿನಲ್ಲಿ ಸಾಲು ನಿಲ್ಲಿಸಿದೆವು. ಒಬ್ಬೊಬ್ಬರಿಗೂ ಒಂದು ಚೀಟಿ. ನಿಯಮ ಇಷ್ಟೇ: ಗುರುತಿನ ಮೇಲೆ ನಿಲ್ಲಬೇಕು, ಎದುರಿನ ಗುಡ್ಡ ನೋಡಿ ನಿಧಾನಕ್ಕೆ ಕಂಬದ ತುದಿಗೆ ಕಣ್ಣು ಎತ್ತಬೇಕು, ಆಮೇಲೆ ಯಾರ ಜೊತೆಗೂ ಮಾತಾಡದೆ ಜಗಲಿಗೆ ಹೋಗಿ ಚೀಟಿಯಲ್ಲಿ ಕಂಬ ಬರೆದು, ಚುಕ್ಕೆ ಎಲ್ಲಿ ಕಂಡಿತೋ ಅಲ್ಲಿ ಇಡಬೇಕು. ಕಾಣದಿದ್ದರೆ ಕಂಬ ಮಾತ್ರ. ತುದಿಯ ಯಾವ ಪಕ್ಕ ಎಂದು ನಾವು ಯಾರಿಗೂ ಹೇಳಿರಲಿಲ್ಲ. ನಾನು ಗಡಿಯಾರ ಹಿಡಿದು ಪ್ರತಿ ಚೀಟಿಗೂ ಹೊತ್ತು ಹಾಕಿದೆ, ಸಾಹೇಬರು ಸಾಲು ನಡೆಸಿದರು.

ಐದನೆಯವಳು "ಅಯ್ಯೋ!" ಎಂದು ಕಿರುಚಿ, ನಿಯಮ ನೆನಪಾಗಿ ಬಾಯಿ ಮುಚ್ಚಿಕೊಂಡು ಓಡಿದಳು. ಮುಖ್ಯ ಶಿಕ್ಷಕಿ ತಾವೂ ಸಾಲಿನಲ್ಲಿ ಬಂದು ನಿಂತರು. ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, "ಹಗಲೆಲ್ಲ ಇದು ಇಲ್ಲೇ ಇತ್ತಾ?" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ನಲವತ್ತೊಂದು ಚೀಟಿಗಳನ್ನು ಹೊತ್ತಿನ ಪ್ರಕಾರ ಜೋಡಿಸಿದೆವು. ಮೂವತ್ತರಲ್ಲಿ ಚುಕ್ಕೆ ಸರಿಯಾದ ಜಾಗದಲ್ಲಿತ್ತು, ತುದಿಯ ಮೇಲೆ ಅಥವಾ ಕೊಂಚ ಬಲಕ್ಕೆ. ನಾಲ್ಕರಲ್ಲಿ ಎಡಕ್ಕೆ, ಅಲ್ಲಿ ಏನೂ ಇರಲಿಲ್ಲ. ಏಳರಲ್ಲಿ ಚುಕ್ಕೆ ಇಲ್ಲ. ಆ ಏಳರಲ್ಲಿ ಒಂದು, ಬಳೆ ತೊಡಿಸಿದ್ದ ಆ ಹುಡುಗಿಯದು. ಕಂಬವನ್ನು ಅಡಿಕಟ್ಟೆ ಸಮೇತ ಅಚ್ಚುಕಟ್ಟಾಗಿ ಬರೆದಿದ್ದಳು, ಮೇಲೆ ಬರಿಯ ಕಾಗದ. ಅವಳ ಹಿಂದೆ ಮುಂದೆ ನಿಂತವರೆಲ್ಲ ಕಂಡವರು. ಕಂಡೆ ಅಂದಿದ್ದರೆ ಯಾರೂ ಅನುಮಾನಿಸುತ್ತಿರಲಿಲ್ಲ.

"ಕಾಣ್ಲಿಲ್ಲ ಸಾರ್" ಎಂದಳು, ಕೇಳುವ ಮೊದಲೇ. "ಕಣ್ಣಲ್ಲಿ ನೀರು ಬಂದ್ಬುಡ್ತು."

ನಾನು ಅಂದು ಟ್ಯಾಂಕಿನ ಮೆಟ್ಟಿಲು ಹತ್ತಿದಾಗ ಹನ್ನೆರಡು ದಾಟಿತ್ತು. ವರದಿ ಹೀಗಿತ್ತು: ಮೂವತ್ತು ಮಂದಿಗೆ ಶುಕ್ರ ಕಂಡಿತು, ಹನ್ನೊಂದು ಮಂದಿಗೆ ಕಾಣಲಿಲ್ಲ. ಹೆಸರು ಯಾರದೂ ಇಲ್ಲ. ಡೆಸ್ಕಿನವರು ಕಾಣದವರ ಸಂಖ್ಯೆ ಬೇಕೇ ಎಂದು ಕೇಳಿದರು. ಬೇಕು ಎಂದೆ.

ಬುಧವಾರ ಪತ್ರಿಕೆ ಓದುವ ಸರದಿ ಅವಳದೇ ಇತ್ತು. ಮುಖ್ಯ ಶಿಕ್ಷಕಿ ಬೇರೆಯವರಿಗೆ ಕೊಡಲು ಹೋದರು, ಅವಳು ಬಿಡಲಿಲ್ಲ. ಹನ್ನೊಂದು ಮಂದಿಗೆ ಕಾಣಲಿಲ್ಲ ಎಂಬ ಸಾಲನ್ನು ಉಳಿದ ಸಾಲುಗಳಷ್ಟೇ ಗಟ್ಟಿಯಾಗಿ ಓದಿದಳು. ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋದರು. ಅವಳು ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ನೆರಳಿಗೆ ಬಂದು ಮೊದಲ ಸುಣ್ಣದ ಗುರುತಿನ ಮೇಲೆ ನಿಂತಳು. ನಾನು ಜಗಲಿಯ ಕಂಬಕ್ಕೆ ಒರಗಿ ನೋಡುತ್ತಿದ್ದೆ. ಅವಳು ಗುಡ್ಡ ನೋಡಿದಳು. ತಲೆಯನ್ನು ನಿಧಾನಕ್ಕೆ ಎತ್ತಿದಳು. ಹಾಗೇ ನಿಂತಳು. ಬಹಳ ಹೊತ್ತಾಯಿತು ಅನ್ನಿಸಿತು.

"ತುದಿ ಮೇಲಿಲ್ಲ ಸಾರ್" ಎಂದಳು.

ಇವತ್ತೂ ಇಲ್ಲ ಎಂದುಕೊಂಡೆ.

"ಬಲಗಡೀಕೆ ಹೋಗ್ಬುಟ್ಟೈತೆ. ಒಂದು ಬೆರಳು." ಕೈ ಚಾಚಿ, ಒಂದು ಕಣ್ಣು ಮುಚ್ಚಿ, ತೋರುಬೆರಳನ್ನು ಕಂಬದ ಪಕ್ಕ ಹಿಡಿದು ಅಳೆದಳು. "ಹಾಂ. ಒಂದೇ ಬೆರಳು. ಐತೆ."

ಗಡಿಯಾರ ನೋಡಿದೆ. ಹತ್ತು ಗಂಟೆ ಒಂಬತ್ತು ನಿಮಿಷ. ಆ ಗುರುತು ಹತ್ತು ಗಂಟೆ ಎರಡು ನಿಮಿಷದ್ದು. ಏಳು ನಿಮಿಷದಲ್ಲಿ ಅದು ಎಷ್ಟು ಸರಿಯಬೇಕೋ ಅಷ್ಟನ್ನೇ ಅವಳು ಅಳೆದಿದ್ದಳು.

ನಾನು ಜೇಬಿನಿಂದ ಪುಸ್ತಕ ತೆಗೆಯುವುದನ್ನು ಕಂಡು, "ಪೇಪರಿಗೆ ಬೇಡ ಸಾರ್" ಎಂದಳು. "ನನ್ನ ಚೀಟಿ ಕೊಡಿ."

ಚೀಟಿಗಳ ಕಟ್ಟು ನನ್ನ ಚೀಲದಲ್ಲಿತ್ತು. ಅವಳದನ್ನು ಹುಡುಕಿ ಕೊಟ್ಟೆ. ಜಗಲಿಯ ಮೇಲೆ ಕುಳಿತು, ಮಂಗಳವಾರ ಎಂದು ಬರೆದಿದ್ದನ್ನು ಹಾಗೇ ಬಿಟ್ಟು, ಅದರ ಕೆಳಗೆ ಬುಧವಾರ ಎಂದು ಬರೆದಳು. ಕಂಬದ ತುದಿಯ ಬಲಕ್ಕೆ ಜಾಗ ಬಿಟ್ಟು ಒಂದು ಚುಕ್ಕೆ ಇಟ್ಟಳು. ಹೊತ್ತು ಎಷ್ಟು ಎಂದು ನನ್ನನ್ನು ಕೇಳಿ ಅದನ್ನೂ ಬರೆದಳು.

"ಅಜ್ಜಿ ಪೆಟ್ಟಿಗೇಲಿ ಆ ಪೇಪರ್ ತೆಗ್ದು ಇದನ್ನ ಇಡ್ತೀನಿ" ಎಂದು ಚೀಟಿಯನ್ನು ನಾಲ್ಕಾಗಿ ಮಡಚಿದಳು. "ಓದೋಕ್ ಬರಲ್ಲ ಅಜ್ಜಿಗೆ. ಚುಕ್ಕೆ ತೋರ್ಸಿದ್ರೆ ಗೊತ್ತಾಗ್ತೈತೆ."